ಎಳೆಯ ಸಾಕ್ಷಿ

ಸೀರೆ ನೂಲಿನ ಲಡಿಯನ್ನು ಬಣ್ಣಕ್ಕೆ ಇಳಿಸುವ ಮುನ್ನ ಒಂದು ಬಿಳಿ ಎಳೆಯನ್ನು ಮುಳುಗಿಸಿ, ಅದರ ಮಾತು ಕೇಳುವುದು ಬಣ್ಣ ಕಾಯಿಸುವ ಆ ಕಡಾಯಿಯ ವಾಡಿಕೆ. ಆ ದಿನದ ಎಳೆಗೆ ಹಿಗ್ಗೋ ಹಿಗ್ಗು. ನೀರಿಗೆ ಕೆಂಪು ಸುರಿದು ಕದಡಿದ್ದೇ ತಡ, ಎದ್ದ ಸುಳಿಯೊಳಗೆ ಧುಮುಕಿ ಕಡುಗೆಂಪಾಗಿ ಎದ್ದು, "ಬಣ್ಣ ಬೆರೆತಿದೆ, ಲಡಿ ಇಳಿಯಲಿ" ಎಂದು ಕೂಗಿತು.

"ತಾಳು" ಎಂದಿತು ಸುಳಿ. "ನನ್ನಲ್ಲಿ ಗೇಣಿಗೊಂದು ಬಣ್ಣವಿದೆ. ಇನ್ನೂ ಹತ್ತು ಕಡೆ ಮುಳುಗಿ ನೋಡಿ ಆಮೇಲೆ ಹೇಳು."

"ನನ್ನ ಮೈಗಿಂತ ಬೇರೆ ಸಾಕ್ಷಿ ಬೇಕೇ?" ಎಂದು ಎಳೆ ಕುಣಿಯಿತು.

ಲಡಿ ನಂಬಿ ಇಳಿಯಿತು. ಮೇಲೆ ಬಂದಾಗ ಅದರ ಒಂದು ಮಗ್ಗುಲು ಕಡುಗೆಂಪು, ಉಳಿದದ್ದೆಲ್ಲ ಮಾಸಲು ಬಿಳಿ.

"ನೀನೇನೂ ಸುಳ್ಳು ಹೇಳಲಿಲ್ಲ ಬಿಡು" ಎಂದಿತು ಲಡಿ ಎಳೆಗೆ. "ನೀನು ಮುಳುಗಿದ ಜಾಗದಲ್ಲಿ ನಾನೂ ನಿನ್ನಷ್ಟೇ ಕೆಂಪಾಗಿದ್ದೇನೆ."