ಉರಿಗಡ್ಡೆಗೆ ‘ಬರ್ತೀನಿ’ ಅಂದವನು

ಗುರು ಅಂದರೆ ಗಡ್ಡ ಇರಬೇಕು ಅಂತ ಯಾರು ಹೇಳಿದರೋ ಕಾಣೆ. ಸಾತವ್ವನಿಗೆ ಇದ್ದದ್ದು ಒಂದು ದೋಣಿ, ಒಂದು ಊರುಗೋಲು, ಮತ್ತು ಖಾರದ ಬಾಯಿ.

ಆಕೆಯ ಆಶ್ರಮ ಕಡಲ ದಂಡೆಯಲ್ಲಿತ್ತು. ಎದುರಿಗೆ, ನೀರಿನ ನಡುವೆ, ಉರಿಗಡ್ಡೆ ಅನ್ನುವ ದ್ವೀಪ. ಅದರ ಬೆಟ್ಟ ಹಗಲೆಲ್ಲ ಹೊಗೆಯಾಡುತ್ತಿತ್ತು, ಒಮ್ಮೊಮ್ಮೆ ಬೆಂಕಿಯನ್ನೂ ಕಾರುತ್ತಿತ್ತು. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಅವರನ್ನು ಕರೆದುಕೊಂಡು ಹೋಗಿ, ತೋರಿಸಿ, ಜೀವಸಹಿತ ವಾಪಸು ತರುವುದೇ ಸಾತವ್ವನ ಕೆಲಸ. ತಪಸ್ಸು ಅಂದರೂ ಅದೇ.

ಶಿಷ್ಯ ಬಸಲಿಂಗ. ಒಳ್ಳೆಯವನೇ, ಆದರೆ ತನಗೆಲ್ಲ ಗೊತ್ತು ಅನ್ನುವ ಜಾತಿ. ಮನೆಯಲ್ಲಿ ಯಾರಿದ್ದಾರೆ ಅಂತ ಸಾತವ್ವ ಆಗಾಗ ಕೇಳುತ್ತಿದ್ದಳು. ತನ್ನನ್ನು ಸಾಕಿದ ಅಕ್ಕ ಇದ್ದಾಳೆ, ಅವಳದೇನೂ ತೊಂದರೆಯಿಲ್ಲ ಅನ್ನುತ್ತಿದ್ದ. ಸಾತವ್ವ ಮುಂದೆ ಕೇಳುತ್ತಿರಲಿಲ್ಲ.

ದೋಣಿ ಇಳಿಯುವ ಮೊದಲು ಸಾತವ್ವ ಜನರಿಗೆ ದಿನವೂ ಅದೇ ಮಾತು ಹೇಳುತ್ತಿದ್ದಳು. ನಾನು ಹೆಜ್ಜೆ ಇಟ್ಟಲ್ಲೇ ಇಡಿ. ಕೂರುವ ಮುಂಚೆ ನೆಲಕ್ಕೆ ಅಂಗೈ ತಾಗಿಸಿ ನೋಡಿ. ಹೊರಡುವಾಗ ಬಾಯಿ ಮುಚ್ಚಿಕೊಂಡು ಹೊರಡಿ, ಬೆಟ್ಟಕ್ಕೆ ‘ಬರ್ತೀನಿ’ ಅನ್ನಬೇಡಿ.

ನಮ್ಮವರಿಗೆ ಇದು ಕಷ್ಟ. ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನುವುದಿಲ್ಲ, ಅಪಶಕುನ. ‘ಬರ್ತೀನಿ’ ಅಂತಲೇ ಅಂದು ಹೋಗುತ್ತೇವೆ. ಎಷ್ಟೋ ಸಲ ಹೋದವರು ಬರುವುದೇ ಇಲ್ಲ, ಆ ಮಾತು ಬೇರೆ.

ಬೆಟ್ಟಕ್ಕೆ ಹಾಗಂದರೆ ಏನಾಗುತ್ತೆ ಅಂತ ಬಸಲಿಂಗ ಒಮ್ಮೆ ಕೇಳಿದ.

ಸಾತವ್ವ ಹುಟ್ಟು ಹಾಕುತ್ತಲೇ ಹೇಳಿದಳು: “ಮಾತು ಆಡಿದರೆ ಹೋಯ್ತು ಅಂತಾರೆ. ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳೋದಿಲ್ಲ.”

ಬಂದವರನ್ನು ಹೆದರಿಸಲು ಮುದುಕಿ ಕಟ್ಟಿದ ಕಥೆ ಅಂದುಕೊಂಡ ಬಸಲಿಂಗ.

ಒಂದು ದಿನ ಸಾತವ್ವನ ಮೊಣಕಾಲು ಊದಿಕೊಂಡಿತ್ತು. ಊರುಗೋಲನ್ನು ಶಿಷ್ಯನ ಕೈಗೆ ಕೊಟ್ಟು, ಇವತ್ತು ನೀನೇ ಕರಕೊಂಡು ಹೋಗು ಅಂದಳು.

ಬಸಲಿಂಗ ಚೆನ್ನಾಗಿಯೇ ತೋರಿಸಿದ. ಬಿಸಿ ಬೂದಿಯ ದಾರಿ, ಕುದಿಯುವ ಹೊಂಡ, ಬೆಟ್ಟದ ಬಾಯಿ ಎಲ್ಲ ಆಯಿತು. ಯಾರಿಗೂ ಒಂದು ಗುಳ್ಳೆ ಏಳಲಿಲ್ಲ. ಎಲ್ಲರೂ ದೋಣಿ ಹತ್ತಿದ ಮೇಲೆ, ಕೊನೆಗೆ ತಾನು ಹತ್ತುವಾಗ, ಗೆದ್ದ ಖುಷಿಯಲ್ಲಿ ಹಿಂತಿರುಗಿ ನೋಡಿದ. ನಾಲಿಗೆ ತಾನಾಗಿ ಆಡಿತು.

“ಬರ್ತೀನಿ.”

ಬೆಳಗಿನಿಂದ ಗುಡುಗುಡು ಅನ್ನುತ್ತಿದ್ದ ಬೆಟ್ಟ ಸುಮ್ಮನಾಯಿತು. ಗಾಳಿ ಬೀಸುತ್ತಿದ್ದರೂ ಹೊಗೆ ನೆಟ್ಟಗೆ ನಿಂತಿತು. ದೋಣಿಯಲ್ಲಿದ್ದವರು ನಕ್ಕರು. ಬಸಲಿಂಗನೂ ನಕ್ಕ, ಆದರೆ ಮತ್ತೆ ಹಿಂತಿರುಗಿ ನೋಡಲಿಲ್ಲ.

ಮರುದಿನ ಎದ್ದಾಗ ಅವನ ಪಾದಕ್ಕೆ ಬೂದಿ ಮೆತ್ತಿತ್ತು. ಬಾಗಿಲಿನಿಂದ ಚಾಪೆಯವರೆಗೆ ಬೂದಿಯ ಹೆಜ್ಜೆ. ಬಾವಿಕಟ್ಟೆಗೆ ಹೋಗಿ ಉಜ್ಜಿ ತೊಳೆದ. ಅದರ ಮಾರನೆಯ ಬೆಳಗೂ ಹಾಗೇ.

ದೀಪ ಹಚ್ಚುವ ಹೊತ್ತಿಗೆ ನೀರಿನ ಮೇಲಿಂದ ಒಂದು ದನಿ ಬರತೊಡಗಿತು. ಹೆದರಿಸುವ ದನಿಯಲ್ಲ. ಬಾಗಿಲು ಸದ್ದಾದಾಗ ಮನೆಯೊಳಗಿಂದ ಕೇಳುತ್ತಾರಲ್ಲ, ಹಾಗೆ.

“ಬಂದ್ಯಾ?”

ಬಸಲಿಂಗನಿಗೆ ಅನ್ನ ಸೇರದಾಯಿತು. ಕಿವಿಗೆ ಅರಳೆ ತುರುಕಿಕೊಂಡರೂ ದನಿ ಕೇಳುತ್ತಿತ್ತು. ಕೊನೆಗೆ ಸಾತವ್ವನ ಕಾಲ ಬಳಿ ಕೂತು ಎಲ್ಲ ಹೇಳಿ ಅತ್ತ.

ಸಾತವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಬರ್ತೀನಿ ಅಂದವನು ಹೋಗಬೇಕು, ಅಷ್ಟೇ ಅಂದಳು.

“ಅದು ನನ್ನನ್ನ ನುಂಗಿಬಿಟ್ಟರೆ, ಅವ್ವಾ?”

“ನನಗೆ ಗೊತ್ತಿಲ್ಲಪ್ಪ. ಜೊತೆಗೆ ಬರ್ತೀನಿ. ಅದು ಗೊತ್ತು.”

ಕುಂಟುತ್ತಲೇ ಬಂದು ದೋಣಿ ಹತ್ತಿದಳು.

ಗಡ್ಡೆಯ ಮೇಲೆ ಇಳಿದಾಗ ಬೂದಿಯಲ್ಲಿ ಆಗಲೇ ಹೆಜ್ಜೆಗಳಿದ್ದವು, ಬರಿಗಾಲಿನವು, ಬೆಟ್ಟದ ಬಾಯಿಯವರೆಗೆ. ಬಸಲಿಂಗ ಒಂದರಲ್ಲಿ ಕಾಲಿಟ್ಟ. ಬೆರಳಿಗೆ ಬೆರಳು ಕೂತಿತು. ಸಾತವ್ವ ಅವನ ಬೆನ್ನ ಮೇಲೆ ಕೈಯಿಟ್ಟು ಹಿಂದೆಯೇ ನಡೆದಳು.

ಬೆಟ್ಟದ ಬಾಯಿಯ ಅಂಚಿನಲ್ಲಿ ನಿಂತು ಬಸಲಿಂಗ ಹೇಳಿದ:

“ಬಂದೆ.”

ಬಿಸಿ ಉಸಿರೊಂದು ಕೆಳಗಿನಿಂದ ಎದ್ದು ಅವನ ಮುಖ ಸವರಿತು. ಹೊಗೆ ಸುತ್ತಿಕೊಂಡಿತು, ಆಮೇಲೆ ಬಿಟ್ಟಿತು. ಬೆಟ್ಟ ಮೊದಲಿನ ಹಾಗೆ ಗುಡುಗುಡು ಅನ್ನತೊಡಗಿತು. ತಿರುಗಿ ನೋಡಿದರೆ ಹೊಸ ಬೂದಿ ಬಿದ್ದು ಹೆಜ್ಜೆಗಳು ಮುಚ್ಚಿಹೋಗಿದ್ದವು.

ಬಾಯಿಗೆ ಅಂಗೈ ಒತ್ತಿ ಹಿಡಿದುಕೊಂಡೇ ದೋಣಿ ಹತ್ತಿದ. ದೋಣಿ ದೂರ ಬಂದ ಮೇಲೆ ಕೈ ತೆಗೆದ, ಮಗುವಿನ ಹಾಗೆ ನಕ್ಕ. ಜೀವ ಉಳಿಯಿತು, ಇನ್ನು ನೆಮ್ಮದಿಯಾಗಿ ಮಲಗುತ್ತೇನೆ ಅಂದ.

ಅಷ್ಟರಲ್ಲಿ ದನಿ ಬಂತು.

“ಬಂದ್ಯಾ?”

ಬಸಲಿಂಗ ಸಾತವ್ವನ ಸೆರಗು ಹಿಡಿದ. “ಅವ್ವಾ, ಮತ್ತೆ ಕರೀತಿದೆ. ಹೋಗಿ ಬಂದೆನಲ್ಲ.”

ಸಾತವ್ವ ಹುಟ್ಟು ನಿಲ್ಲಿಸಿದಳು. “ಬೆಟ್ಟ ನಿನ್ನ ಬೆನ್ನ ಹಿಂದಿದೆ. ದನಿ ಎಲ್ಲಿಂದ ಬರ್ತಿದೆ, ನೋಡು.”

ಈ ಸಲ ದನಿ ಎದುರಿನಿಂದ ಬರುತ್ತಿತ್ತು. ದಂಡೆಯ ಕಡೆಯಿಂದ, ಅದರಾಚೆಯ ಊರುಗಳ ಕಡೆಯಿಂದ.

ಇಷ್ಟು ದಿನ ಕಿವಿ ಮುಚ್ಚಿಕೊಂಡಿದ್ದವನು ಈಗ ಕಿವಿಗೊಟ್ಟ. ಒಲೆಯ ಮುಂದೆ ಕೂತು, ತಿರುಗಿಯೂ ನೋಡದೆ, ಹೆಜ್ಜೆ ಸದ್ದಿಗೇ ಕೇಳುವ ದನಿ. ಆಶ್ರಮಕ್ಕೆ ಹೊರಟ ದಿನ ಊರ ಅಗಸೆಬಾಗಿಲವರೆಗೂ ಬಂದು ನಿಂತವಳು. ‘ಬರ್ತೀನಕ್ಕ’ ಅಂದಿದ್ದ. ಆಮೇಲೆ ಒಂದು ಸಲವೂ ಹೋಗಿರಲಿಲ್ಲ.

“ನಮ್ಮಕ್ಕ” ಅಂದ ಬಸಲಿಂಗ.

ಸಾತವ್ವ ಹುಟ್ಟನ್ನು ಅವನ ಕೈಗೆ ಕೊಟ್ಟಳು.

“ಬೆಟ್ಟ ನುಂಗುತ್ತೆ ಅಂತ ಹೆದರಿ ಹೋಗಿ ಬಂದೆ. ಅಕ್ಕ ನುಂಗೋದಿಲ್ಲ ಅಂತ ಸುಮ್ಮನಿದ್ದೆಯೇನು?”