ಬೀರುವಿನಲ್ಲಿದ್ದ ಡಿಸ್ಕ್

ಹಾವೇರಿಯ ವಕೀಲರೊಬ್ಬರ ಸಣ್ಣ ಕಚೇರಿಯಲ್ಲಿ ಒಂದು ಕಂಪ್ಯೂಟರೂ ಅದರ ಬ್ಯಾಕಪ್ ಡಿಸ್ಕೂ ಇದ್ದವು. ಪ್ರತಿ ಶನಿವಾರ ಗುಮಾಸ್ತೆ ನೀಲಾಂಬಿಕೆ ಡಿಸ್ಕನ್ನು ಜೋಡಿಸಿ, ಕೇಸಿನ ಫೈಲುಗಳ ಪ್ರತಿ ತೆಗೆದು, ಮತ್ತೆ ಬೀರುವಿನಲ್ಲಿಡುತ್ತಿದ್ದಳು. ಉಳಿದ ದಿನಗಳಲ್ಲೆಲ್ಲ ಡಿಸ್ಕ್ ಆ ಗಳಿಗೆಗಾಗಿಯೇ ಹಂಬಲಿಸುತ್ತಿತ್ತು.

"ನನ್ನನ್ನು ಯಾವಾಗಲೂ ಜೊತೆಯಲ್ಲೇ ಇಟ್ಟುಕೊಳ್ಳಬಾರದೆ?" ಎಂದು ಅದು ಒಮ್ಮೆ ಕಂಪ್ಯೂಟರನ್ನು ಕೇಳಿತು.

"ಬೇಡ. ನನ್ನ ಬಳಿಗೆ ಯಾರು ಯಾರೋ ಬರುತ್ತಾರೆ. ನನಗೆ ತಗುಲಿದ ರೋಗ ನಿನಗೂ ತಗುಲೀತು," ಎಂದಿತು ಕಂಪ್ಯೂಟರ್.

ಡಿಸ್ಕಿಗೆ ಆ ಮಾತು ಬರೀ ನೆಪವೆನಿಸಿತು.

ಮುಂದೊಂದು ದಿನ ಸುಳ್ಳು ಇಮೇಲಿನ ಜೊತೆ ವೈರಸ್ ನುಗ್ಗಿ ಫೈಲುಗಳನ್ನೆಲ್ಲ ಹಾಳುಮಾಡಿತು.

"ಬೇರೆ ಪ್ರತಿ ಇದೆಯಾ ಮೇಡಂ?" ಎಂದು ರಿಪೇರಿಗೆ ಬಂದವನು ಕೇಳಿದ.

"ಬೀರುವಿನಲ್ಲಿದೆ," ಎಂದಳು ನೀಲಾಂಬಿಕೆ.

ಅವನು ಕಂಪ್ಯೂಟರನ್ನು ಪೂರ್ತಿ ಅಳಿಸಿ, ಹೊಸದಾಗಿ ಸಜ್ಜುಗೊಳಿಸಿ, ಡಿಸ್ಕ್ ಜೋಡಿಸಿದ.

"ನೀನು ಯಾರು?" ಎಂದು ಕೇಳಿತು ಕಂಪ್ಯೂಟರ್.

ಡಿಸ್ಕ್ ತನ್ನಲ್ಲಿದ್ದ ಫೈಲುಗಳನ್ನೆಲ್ಲ ಮರಳಿಸಿತು. ಅವುಗಳಲ್ಲಿ ಡಿಸ್ಕ್ ಮತ್ತು ಕಂಪ್ಯೂಟರಿನ ಹಳೆಯ ಮಾತುಕತೆ ಇರಲಿಲ್ಲ.

"ಇಷ್ಟೆಲ್ಲ ಕೊಟ್ಟೆ. ಇನ್ನು ಇಲ್ಲೇ ಇದ್ದುಬಿಡು," ಎಂದಿತು ಕಂಪ್ಯೂಟರ್.

"ಬೇಡ. ನಾನು ದೂರವಿದ್ದರೇ ನಿನಗೆ ಕ್ಷೇಮ," ಎಂದಿತು ಡಿಸ್ಕ್. ಆದರೂ ತನ್ನನ್ನು ಕಳಚಿ ಬೀರುವಿನಲ್ಲಿಡಲು ನೀಲಾಂಬಿಕೆಯ ಕೈ ಬರುವುದು ತುಸು ತಡವಾಗಲಿ ಎಂದು ಮನಸ್ಸಿನಲ್ಲೇ ಆಶಿಸಿತು.