ದಾವಲಸಾಬ ಕ್ಲಿಪ್ಪು ಬಿಗಿದ ದಿನ

ಬಹಳ ಹಿಂದೆ ನಮ್ಮ ಕಡೆ ಬೇವಿನಗಟ್ಟಿ ಅಂತ ಒಂದೂರು. ಯಾವ ಇಸವಿ ಎಂದು ಮಾತ್ರ ಕೇಳಬೇಡಿ, ಕೇಳಿದರೆ ನಾಲ್ಕು ಜನ ನಾಲ್ಕು ಇಸವಿ ಹೇಳಿ ಜಗಳ ಹತ್ತುತ್ತದೆ. ಊರ ಮುಂದೆ ರಸ್ತೆ, ರಸ್ತೆಯ ಪಕ್ಕ ಬೇವಿನಮರ, ಮರದ ಕೆಳಗೆ ದಾವಲಸಾಬನ ಗ್ಯಾರೇಜು. ಗ್ಯಾರೇಜೆಂದರೆ ಮತ್ತೇನಲ್ಲ, ನಾಲ್ಕು ತಗಡು.

ಈ ದಾವಲಸಾಬ ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡೇ ರಿಪೇರಿಗೆ ಕೂರುತ್ತಿದ್ದನಂತೆ. ಆ ಘಮಘಮದ ನಡುವೆಯೂ ಪೆಟ್ರೋಲು ಜಿನುಗುವ ವಾಸನೆ ಅವನ ಮೂಗಿಗೆ ತಪ್ಪುತ್ತಿರಲಿಲ್ಲವಂತೆ. ಗಾಡಿ ಇನ್ನೂ ಒಂದು ಮೈಲಿ ದೂರ ಇರುವಾಗಲೇ ಯಾವ ಪೈಪು ಸೋರುತ್ತಿದೆ ಎಂದು ಹೇಳುತ್ತಿದ್ದನಂತೆ. ಆಗ ಮೈಲಿ ಎಂದವರು ಈಗ ಎರಡು ಹರದಾರಿ ಎನ್ನುತ್ತಾರೆ. ಇರಲಿ ಬಿಡಿ, ಮೂಗು ಅವನದು, ಹರದಾರಿ ಇವರದು.

ಅದೇ ಊರಿನ ಗವಿಸಿದ್ದನ ಹತ್ತಿರ ಒಂದು ಹಳೇ ವ್ಯಾನು. ಅದರ ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು, ಅದಕ್ಕೆ ಪೆಟ್ರೋಲು ತರುವ ರಬ್ಬರ್ ಪೈಪು. ಪೈಪಿನ ಕ್ಲಿಪ್ಪು ಮುರಿದಾಗ ಗವಿಸಿದ್ದ ತಾನೇ ಬೈಂಡಿಂಗ್ ವೈರು ಸುತ್ತಿ ಬಿಗಿದು, ಕೈ ಝಾಡಿಸಿಕೊಂಡು ಹೋದ. ವೈರು ದಿನಾ ಒಂದಿಷ್ಟು ರಬ್ಬರನ್ನು ಕಚ್ಚುತ್ತ ಬಂತು.

ಆಯುಧ ಪೂಜೆಯ ದಿನ ಗವಿಸಿದ್ದನ ಹೆಂಡತಿ ಹುಲಗವ್ವನಿಗೆ ಹೆರಿಗೆ ಬ್ಯಾನಿ ಎದ್ದಿತು. ಆಸ್ಪತ್ರೆ ಗುಡ್ಡದಾಚೆ. ಊರಿಗೆ ಇದ್ದದ್ದು ಅದೊಂದೇ ವ್ಯಾನು. ಬಸುರಿಯನ್ನು ಒಳಗೆ ಕೂರಿಸಿದರು. ಗವಿಸಿದ್ದನ ತಾಯಿ ಸಂಕ್ರವ್ವ ಮಾತ್ರ, ಇಂಥ ದಿನ ಪೂಜೆಯಾಗದ ಗಾಡಿ ಹೊಸಿಲು ದಾಟಬಾರದು ಎಂದು ಹಟ ಹಿಡಿದು, ವ್ಯಾನಿನ ಬಾಗಿಲ ಬಳಿಯೇ ತಟ್ಟೆಯಲ್ಲಿ ಕರ್ಪೂರ ಹಚ್ಚಿದಳು.

ಆಗ ರಸ್ತೆಯಾಚೆಯಿಂದ ದಾವಲಸಾಬ ಓಡಿ ಬಂದನಂತೆ. ಓಡಿದ್ದಲ್ಲ, ಹಾರಿದ್ದು ಎನ್ನುವವರೂ ಇದ್ದಾರೆ. ಬಂದವನೇ ಉರಿಯುವ ಕರ್ಪೂರವನ್ನು ಅಂಗೈಯಲ್ಲೇ ಮುಚ್ಚಿ ಆರಿಸಿಬಿಟ್ಟನಂತೆ.

"ಬಸುರಿ ಮುಂದ ಆರತಿ ಆರಸ್ತೀ? ನಿನ್ನ ಕೈ ಸೇದಿ ಹೋಗ್ಲಿ!" ಎಂದು ಸಂಕ್ರವ್ವ ಶಾಪ ಹಾಕಿದಳು.

"ಆಮ್ಯಾಲೆ ಹೋಗ್ಲಿ ಬೇ ಯಕ್ಕಾ, ಮದ್ಲು ಸೊಸೀನ ಇಳಸು."

ಹುಲಗವ್ವನನ್ನು ಇಳಿಸಿ ಬೇವಿನಮರದ ಕೆಳಗೆ ಕೂರಿಸಿ, ಸೀಟು ಎತ್ತಿ ನೋಡಿದರೆ ವೈರಿನ ಸುತ್ತ ಪೈಪು ಸೀಳಿದೆ, ಪೆಟ್ರೋಲು ತೊಟ್ಟಿಕ್ಕುತ್ತಿದೆ. ಕರ್ಪೂರ ಇನ್ನೊಂದು ಗಳಿಗೆ ಉರಿದಿದ್ದರೆ ಹುಲಗವ್ವ ಕೂತಲ್ಲೇ ಬೆಂಕಿ ಏಳುತ್ತಿತ್ತು.

ಆದರೆ ಬಿಗಿಯುವುದು ಹೇಗೆ? ದಾವಲಸಾಬನ ಸಾಮಾನೆಲ್ಲ ಬೆಳಿಗ್ಗೆಯೇ ವಿಭೂತಿ, ಕುಂಕುಮ, ಚೆಂಡುಹೂವು ಮುಡಿದು ಪೂಜೆಗೆ ಕೂತಿದ್ದವು. ಪೂಜೆಗೆ ಕೂತ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಆ ಕಟ್ಟುಪಾಡನ್ನು ಎಲ್ಲರಿಗಿಂತ ಬಿಗಿಯಾಗಿ ನಡೆಸಿದವನೇ ದಾವಲಸಾಬ. ಹಿಂದಿನ ವರ್ಷ ಟ್ರ್ಯಾಕ್ಟರ್ ತಂದವನೊಬ್ಬನನ್ನು, "ಅವಕ್ಕೂ ಒಂದಿನ ಸೂಟಿ ಬ್ಯಾಡೇನು?" ಎಂದು ಗದರಿಸಿ ಕಳಿಸಿದ್ದನಂತೆ. ಈಗ ಅವನ ಕೈ ಮುಂದೆ ಹೋಯಿತು, ಹಿಂದೆ ಬಂತು. ಮತ್ತೆ ಮುಂದೆ ಹೋಯಿತು, ಮತ್ತೆ ಹಿಂದೆ ಬಂತು.

ಮರದ ಕೆಳಗೆ ಹುಲಗವ್ವ ಸೆರಗು ಕಚ್ಚಿ ನರಳಿದಳು. ಆಗ ಸಂಕ್ರವ್ವ, ಅದೇ ಈಗ ಶಾಪ ಹಾಕಿದ ಸಂಕ್ರವ್ವ, ಗ್ಯಾರೇಜಿಗೆ ನಡೆದು ಸ್ಕ್ರೂಡ್ರೈವರ್ ಎತ್ತಿದಳಂತೆ. ಸೆರಗಿನಿಂದ ಅದರ ಕುಂಕುಮ ಒರೆಸಿ ಅವನ ಕೈಗೆ ಕೊಟ್ಟು, "ನಾ ಕೊಟ್ಟೀನಿ, ಪಾಪ ಬಂದ್ರ ನನಗ ಬರ್ಲಿ" ಅಂದಳಂತೆ.

ದಾವಲಸಾಬ ಅವಳ ಸಂಚಿಯ ಅಡಕೊತ್ತಿನಿಂದಲೇ ಪೈಪಿನ ಸೀಳಿದ ತುದಿ ಕತ್ತರಿಸಿದ. ಗವಿಸಿದ್ದನ ತಲೆಯ ಬಿಳಿ ವಸ್ತ್ರ ಕಿತ್ತುಕೊಂಡು ಚೆಲ್ಲಿದ ಪೆಟ್ರೋಲು ಒರೆಸಿದ.

"ಕಾಕಾ, ಅದು ಹೊಸಾದು!"

"ಹೇಂತಿ ಹಳೇಕಿ ಏನು?"

ಇಂಜೆಕ್ಟರಿನ ಲೋಹದ ನಳಿಗೆಯ ಉಬ್ಬಿದ ಅಂಚು ದಾಟುವತನಕ ಪೈಪನ್ನು ಒತ್ತಿ ಕೂರಿಸಿ, ಆ ಉಬ್ಬಿನ ಹಿಂದೆ ಹೊಸ ಕ್ಲಿಪ್ಪು ಹಾಕಿ ಸ್ಕ್ರೂಡ್ರೈವರಿನಿಂದ ತಿರುವಿದ. ಗವಿಸಿದ್ದ ಇನ್ನೂ ಬಿಗಿ ಕಾಕಾ, ಇನ್ನೂ ಬಿಗಿ ಎಂದು ಗೋಗರೆದನಂತೆ. ಹೆಚ್ಚು ಬಿಗಿದರೆ ಕ್ಲಿಪ್ಪೂ ನಿನ್ನ ವೈರಿನ ಹಾಗೆ ಕಡಿಯುತ್ತದೆ, ಸುಮ್ಮನೆ ನಿಲ್ಲು ಎಂದನಂತೆ ಇವನು. ಬಾಗಿಲೆಲ್ಲ ತೆರೆದು ವಾಸನೆಯನ್ನು ಗಾಳಿಗೆ ಬಿಟ್ಟರು. ಕೀಲಿ ತಿರುವಿ, ಒಣಬಟ್ಟೆಯ ತುಂಡನ್ನು ಕ್ಲಿಪ್ಪಿನ ಕೆಳಗೆ ಹಿಡಿದರು. ಬಟ್ಟೆ ಒಣಗಿಯೇ ಇತ್ತು. ವ್ಯಾನು ಗುಡ್ಡ ಏರಿತು.

ಕೂಸು ಗುಡ್ಡದ ತಿರುವಿನಲ್ಲೇ ಹುಟ್ಟಿತು ಎನ್ನುತ್ತಾರೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಎನ್ನುತ್ತಾರೆ, ಹುಟ್ಟಿದ್ದೇ ಅಳುವ ಬದಲು ಸೀನಿತು ಎಂದೂ ಎನ್ನುತ್ತಾರೆ. ತಾಯಿ ಮಗು ಇಬ್ಬರೂ ಅದೇ ವ್ಯಾನಿನಲ್ಲಿ ಊರಿಗೆ ಬಂದರು ಎನ್ನುವುದರಲ್ಲಿ ಮಾತ್ರ ಯಾರಿಗೂ ಜಗಳವಿಲ್ಲ.

ದಾವಲಸಾಬ ಹೋಗಿ ಎಷ್ಟೋ ಕಾಲವಾಯಿತು. ಗ್ಯಾರೇಜು ಈಗ ಬೇರೆಯವರದು, ಅವರಿಗೆ ಅವನ ಮುಖ ಗೊತ್ತಿಲ್ಲ. ಆಯುಧ ಪೂಜೆಯ ದಿನ ಜಾಕು, ಪಾನಾ, ಗಾಳಿ ಪಂಪು ಎಲ್ಲವನ್ನೂ ಪೂಜೆಗೆ ಕೂರಿಸುತ್ತಾರೆ. ಒಂದು ಸ್ಕ್ರೂಡ್ರೈವರನ್ನು ಮಾತ್ರ ಕೂರಿಸುವುದಿಲ್ಲ. ಅದು ಹೂವಿಲ್ಲದೆ, ಕುಂಕುಮವಿಲ್ಲದೆ, ಬರುವವರಿಗಾಗಿ ಹೊರಗೆ ಕಾಯುತ್ತದೆ. ಯಾರಾದರೂ ಹೊಸಬರು ತಿಳಿಯದೆ ಅದಕ್ಕೂ ಕುಂಕುಮ ಇಟ್ಟರೆ, ಊರಿನ ಹೆಂಗಸರು ಬಂದು ಸೆರಗಿನಿಂದ ಒರೆಸಿ ಹೋಗುತ್ತಾರೆ.